ಬಿಲ್ಡ್ ಹಸಿರಾಯಿತು, ಕಾವಲುಗಾರ ಮನೆಗೆ ಹೋದ

ಕೋಡನ್ನು ಪ್ರೋಗ್ರಾಂ ಆಗಿಸುವ ಬಿಲ್ಡ್ ಮಷಿನ್ನನ್ನು ಉಬುಂಟು ಲಿನಕ್ಸ್ 22.04ರಿಂದ 24.04ಕ್ಕೆ ಏರಿಸಿದ ದಿನ ನಮ್ಮ ಸಿ ಕೋಡ್ ಕಂಪೈಲ್ ಆಗಲು ಒಪ್ಪಲಿಲ್ಲ. ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಪರದೆ ತುಂಬ ಒಂದೇ ಗೋಳು, "ಫೋರ್ಟಿಫೈ ಸೋರ್ಸ್ ರೀಡಿಫೈನ್ಡ್". ಅಂದರೆ ಫೋರ್ಟಿಫೈ ಸೋರ್ಸ್ ಎಂಬ ಭದ್ರತಾ ಸೆಟ್ಟಿಂಗಿಗೆ ಎರಡು ಬೇರೆ ಬೆಲೆ ಬಿದ್ದಿದೆ. ಬರೀ ವಾರ್ನಿಂಗ್, ನಿಜ. ಆದರೆ ಡಬ್ಲ್ಯೂ-ಎರರ್ ಎಂಬ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿಕೊಂಡವರಿಗೆ ವಾರ್ನಿಂಗೂ ಒಂದೇ, ಎರರೂ ಒಂದೇ.

ತಂಡದವರೊಬ್ಬರು ಐದೇ ನಿಮಿಷದಲ್ಲಿ ಸರಿ ಮಾಡಿದರು. ಬಿಲ್ಡಿನ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ, ಸೆಟ್ಟಿಂಗಿಗೆ ಬೆಲೆ ಕೊಡುವ ಮೈನಸ್ ಡಿ ಇದ್ದ ಜಾಗದಲ್ಲಿ ಅದನ್ನು ತೆಗೆದುಹಾಕುವ ಮೈನಸ್ ಯು. ಬಿಲ್ಡ್ ಹಸಿರಾಯಿತು. ರಿವ್ಯೂ ಮಾಡಿ ಓಕೆ ಒತ್ತಿದವನು ನಾನೇ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡಿದ್ದೆವು, ಗೊತ್ತಾಗಲು ಮೂರು ವಾರ ಬೇಕಾಯಿತು.

ಫೋರ್ಟಿಫೈ ಮಾಡುವ ಕೆಲಸ ಸರಳ. ಮೆಮ್‌ಕಾಪಿ, ಎಸ್‌ಟಿಆರ್‌ಕಾಪಿ ಥರದ, ಡೇಟಾ ನಕಲಿಸುವ ಕರೆ ಬಂದಾಗ, ಬಫರ್ (ಬರೆಯುವ ಮೆಮೊರಿ ಜಾಗ) ಎಷ್ಟು ದೊಡ್ಡದು ಅಂತ ಕಂಪೈಲರ್‌ಗೆ ಗೊತ್ತಿದ್ದರೆ, ಅಳತೆ ನೋಡಿ ಬರೆಯುವ ಫಂಕ್ಷನ್ ಅಲ್ಲಿ ಕೂರುತ್ತದೆ. ಅಳತೆ ಮೀರಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಮಟ್ಟಗಳಿವೆ. 2ನೇ ಮಟ್ಟಕ್ಕೆ ಬಫರಿನ ಅಳತೆ ಕಂಪೈಲ್ ಮಾಡುವಾಗಲೇ ಗೊತ್ತಿರಬೇಕು. ಜಿಸಿಸಿ ಕಂಪೈಲರಿನ 12ನೇ ಆವೃತ್ತಿಯಿಂದ ಸಿಗುವ 3ನೇ ಮಟ್ಟ, ಓಡುವಾಗ ಮಾಲಕ್ ಮಾಡಿದ (ಮೆಮೊರಿ ಕೇಳಿ ಪಡೆದ) ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮಜಾ ಇರುವುದು ಇಲ್ಲಿ. 22.04ರ ಕಂಪೈಲರ್ ತಾನಾಗಿಯೇ 2 ಹಾಕುತ್ತಿತ್ತು, ನಾವೂ 2 ಅಂತಲೇ ಬರೆದಿದ್ದೆವು. ಇಬ್ಬರದೂ ಒಂದೇ ಮಾತು, ಜಗಳ ಇಲ್ಲ. 24.04 ಅದನ್ನು 3 ಮಾಡಿತು. ಅಂದರೆ ಭದ್ರತೆಗೆ ಅಂತ ನಾವು ಹಾಕಿದ್ದ ಫ್ಲ್ಯಾಗೇ ಭದ್ರತೆಯನ್ನು ಒಂದು ಮೆಟ್ಟಿಲು ಕೆಳಗೆ ಎಳೆಯುತ್ತಿತ್ತು! ಕಂಪೈಲರ್ ಗೊಣಗಿದ್ದು ಸರಿಯೇ ಅಲ್ವಾ? ನಾವು ಅದರ ಬಾಯಿ ಮುಚ್ಚಿಸಿದೆವು.

ಸರಿಯಾದ ದಾರಿ ಅಂದರೆ ಮೊದಲು ಮೈನಸ್ ಯು, ಅದರ ಬೆನ್ನಿಗೇ ಮೈನಸ್ ಡಿ, ಬೆಲೆ 3. ಫ್ಲ್ಯಾಗ್‌ಗಳನ್ನು ಎಡದಿಂದ ಬಲಕ್ಕೆ ಓದುತ್ತಾರೆ, ಕೊನೆಗೆ ಬಂದವನದೇ ಮಾತು. ಆಪ್ಟಿಮೈಸೇಷನ್ ಇಲ್ಲದ ಡೀಬಗ್ ಬಿಲ್ಡಿಗೆ ಇದನ್ನು ಹಾಕಬೇಡಿ, ಸಿ ಲೈಬ್ರರಿಯಾದ ಜಿಲಿಬ್‌ಸಿಯೇ ಬೈಯುತ್ತದೆ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆಗೂ ಬೇಡ, ಸ್ಯಾನಿಟೈಸರ್ ಹಿಡಿಯಬೇಕಾದ ತಪ್ಪು ತಪ್ಪಿಸಿಕೊಳ್ಳಬಹುದು.

ಈಗ ನಾನು ಮೇಕ್‌ಫೈಲ್ ನಂಬುವುದಿಲ್ಲ. ಬಿಲ್ಡ್ ಮುಗಿದ ಮೇಲೆ ಬೈನರಿಗೆ (ತಯಾರಾದ ಪ್ರೋಗ್ರಾಂಗೆ), ಅದರೊಳಗಿನ ಫಂಕ್ಷನ್ ಹೆಸರುಗಳನ್ನು ತೋರಿಸುವ ಎನ್‌ಎಂ ಓಡಿಸಿ, ಅಳತೆ ನೋಡುವ ಮೆಮ್‌ಕಾಪಿ-ಚೆಕ್ ಥರದ ಹೆಸರುಗಳು ಇಲ್ಲದಿದ್ದರೆ ಬಿಲ್ಡ್ ಬೀಳಿಸುವ ಒಂದು ಸಾಲು ಸೇರಿಸಿದ್ದೇನೆ. "ಸುಮ್ನೆ ಜಾಸ್ತಿ ಆಯ್ತು" ಅಂದರು ಕೆಲವರು. ಮೊನ್ನೆ ಅದೇ ಸಾಲು ಬಿಲ್ಡ್ ಬೀಳಿಸಿತು. ಹೊರಗಿನಿಂದ ತಂದ ಲೈಬ್ರರಿಯೊಂದರ ಮೇಕ್‌ಫೈಲ್, ನಮ್ಮ ಫ್ಲ್ಯಾಗ್‌ಗಳೆಲ್ಲ ಮುಗಿದ ಮೇಲೆ, ತನ್ನದೊಂದು ಮೈನಸ್ ಯು ಸೇರಿಸುತ್ತಿತ್ತು. ಒಂದೇ ಒಂದು ವಾರ್ನಿಂಗ್ ಇಲ್ಲದೆ.