ಗೆರಿ ಬ್ಯಾರೆ, ಗಾಳಿ ಬ್ಯಾರೆ

ಅರಬ್ಬೀ ಸಮುದ್ರದಾಗ ವಾಯುಭಾರ ಕುಸಿತ ಅಂತ ಸುದ್ದಿ ಬಂದ್ರ ಸಾಕು, ಧಾರವಾಡದಿಂದ ಹಾವೇರಿ ತನಕ ವಾಟ್ಸಾಪ್ ಗುಂಪಿನ್ಯಾಗ ಕೆಂಪು-ನೇರಳೆ ನಕಾಶೆ ಓಡ್ಯಾಡತಾವ. ಹತ್ತು ದಿನ ಮುಂದಿನವು, ಅದೂ ಒಂದೇ ಕಂಪ್ಯೂಟರ್ ಮಾಡೆಲ್‌ನವು. ಅದರಾಗ ಚಂಡಮಾರುತ ಹೋಗೋ ದಾರಿಗೆ ಒಂದು ಗೆರಿ. ಗೆರಿ ಗೋವಾ ಕಡೆ ಬಾಗಿದ್ರ ಬ್ಯಾಡಗಿಯೊಳಗ ಮೆಣಸಿನಕಾಯಿ ಮ್ಯಾಲ ತಾಡಪತ್ರಿ, ಒಮಾನ್ ಕಡೆ ಹೊಂಟ್ರ ನಿರಾಳ. ಎರಡಕ್ಕೂ ಆಧಾರ ಇಲ್ಲ.

ಚಂಡಮಾರುತ ಎಲ್ಲಿಗೆ ಹೋಗತೈತಿ ಅನ್ನೋದು ಒಂದು ಲೆಕ್ಕ, ಎಷ್ಟು ಬಲಿಯತೈತಿ ಅನ್ನೋದು ಇನ್ನೊಂದು. ಮೊದಲನೇದು ಈಗ ಬಹಳ ಸುಧಾರಿಸೈತಿ. ನೆಲದಿಂದ ಒಂದೂವರೆ ಕಿಮೀ ಮ್ಯಾಲಿಂದ ಹನ್ನೆರಡು ಕಿಮೀ ತನಕ ಬೀಸೋ ಗಾಳಿ ಅದನ್ನ ಹೊಳ್ಯಾಗಿನ ಸುಳಿಯಂಗ ಹೊತ್ಕೊಂಡು ಹೋಗತೈತಿ. ಆ ಗಾಳಿ ಸಾವಿರಾರು ಕಿಮೀ ಹರಡಿರತೈತಿ, ಮಾಡೆಲ್‌ಗಳ ಬಲಿಗೆ ಸುಲಭಕ್ಕ ಬೀಳತೈತಿ. ಹಂಗಾಗಿ 24 ತಾಸು ಮೊದಲು ಹೇಳಿದ ಕೇಂದ್ರ ಸರಾಸರಿ 100 ಕಿಮೀ ಒಳಗ ತಪ್ಪತೈತಿ. ಧಾರವಾಡದಿಂದ ಹಾವೇರಿ ಎಷ್ಟು ದೂರನೋ ಹೆಚ್ಚುಕಡಿಮಿ ಅಷ್ಟು.

ದೇಶದ ಕರಾವಳಿಗೆ ಆ ತಪ್ಪು ಸಣ್ಣದು. ಆದ್ರ ಲಕ್ಷದ್ವೀಪದ ಮಿನಿಕಾಯ್ ದ್ವೀಪದ ವಿಸ್ತೀರ್ಣ 5 ಚದರ ಕಿಮೀ ಸೈತ ಇಲ್ಲ. ಅತಿ ಜೋರಿನ ಗಾಳಿ ಇರೋದು ಚಂಡಮಾರುತದ ಕಣ್ಣಿನ, ಅಂದ್ರ ನಟ್ಟನಡುವಿನ ಶಾಂತ ಜಾಗದ, ಸುತ್ತಲಿನ 20-40 ಕಿಮೀ ಉಂಗುರದಾಗ. ಗೆರಿ ಬರೇ 50 ಕಿಮೀ ಸರಿದ್ರ ದ್ವೀಪದ ಹಣೆಬರಹನ ಬದಲಾಗತೈತಿ. ಮತ್ತ ಯಾವ ಬದಿಗೆ ಸರೀತು ಅನ್ನೋದೂ ಮುಖ್ಯ. ನಮ್ಮ ಗೋಳಾರ್ಧದಾಗ ಚಂಡಮಾರುತ ಹೊಂಟ ದಿಕ್ಕಿನ ಬಲಬದಿಗೆ ಅದರ ಓಟದ ವೇಗನೂ ಗಾಳಿಗೆ ಕೂಡತೈತಿ, ಎಡಬದಿಗೆ ಕಳೀತೈತಿ.

ಇನ್ನ ಬಲದ ಮಾತು. ನಿಜವಾದ ತಲೆನೋವು ಇಲ್ಲೈತಿ. ನೀರು 26.5 ಡಿಗ್ರಿಗಿಂತ ಬಿಸಿ ಇರಬೇಕು ಅಂತ ಎಲ್ಲಾರೂ ಹೇಳತಾರ, ಆದ್ರ ಆ ಬಿಸಿ ಎಷ್ಟು ಆಳದ ತನಕ ಐತಿ ಅನ್ನೋದನ್ನ ಕೇಳೋರು ಕಡಿಮಿ. ಮ್ಯಾಲಷ್ಟ ಬಿಸಿ ಇದ್ರ ಚಂಡಮಾರುತ ತಾನ ಕಡಲು ಕಲಸಿ, ತಳದ ತಣ್ಣೀರು ಎಬ್ಬಿಸಿ, ತನ್ನ ಒಲಿ ತಾನ ಆರಿಸ್ಕೋತೈತಿ. ಕೆಳಗಿನ ಗಾಳಿಗೂ ಮ್ಯಾಲಿನ ಗಾಳಿಗೂ ಹೊಂದಾಣಿಕಿ ಇಲ್ಲಂದ್ರ, ಅಂದ್ರ ವಿಂಡ್ ಶಿಯರ್ ಜಾಸ್ತಿ ಆದ್ರ, ಮೋಡದ ಗೋಪುರ ಓರೆ ಆಗತೈತಿ. ನಡುವಿನ ಎತ್ತರಕ್ಕ ಒಣಗಾಳಿ ಹೊಕ್ಕರೂ ಸೊರಗತೈತಿ. ಈ ಮೂರೂ ಅಡ್ಡಿ ಒಮ್ಮೆಲೆ ಸರಿದಾಗ 24 ತಾಸಿನ್ಯಾಗ ಗಾಳಿಯ ವೇಗ ತಾಸಿಗೆ 55 ಕಿಮೀ, ಇಲ್ಲಾ ಇನ್ನೂ ಹೆಚ್ಚು, ಏರಿಬಿಡತೈತಿ. 2017ರ ಸೆಪ್ಟೆಂಬರ್ 18ಕ್ಕ ಕೆರಿಬಿಯನ್‌ನ ಮರಿಯಾ ಚಂಡಮಾರುತ ಒಂದೇ ದಿನದಾಗ ಕೆಟಗರಿ 1ರಿಂದ ಎಲ್ಲಕ್ಕೂ ಮ್ಯಾಲಿನ 5ಕ್ಕ ಏರಿ, ಅವತ್ತ ರಾತ್ರಿ ಡೊಮಿನಿಕಾ ದ್ವೀಪಕ್ಕ ಬಡೀತು. ಅದೇ ವರ್ಷ ನಮ್ಮ ಓಖಿ ನವೆಂಬರ್ 29ಕ್ಕ ಬರೇ ವಾಯುಭಾರ ಕುಸಿತ (ಡಿಪ್ರೆಶನ್) ಇತ್ತು, 30ರ ಮುಂಜಾನೆ ಚಂಡಮಾರುತ. ಮೀನುಗಾರರು ಅಷ್ಟೊತ್ತಿಗೆ ಕಡಲಾಗ ಇದ್ರು. ಮುಂದ ಅದು ಲಕ್ಷದ್ವೀಪದ ಮ್ಯಾಲ ಹಾದು, ಗುಜರಾತ ಮುಟ್ಟೋದರಾಗ ಕಸುವು ಕಳ್ಕೊಂಡಿತ್ತು.

ದ್ವೀಪ ಗಾಳಿಯನ್ನ ತಡೀತೈತಿ ಅನ್ನೋ ನಂಬಿಕಿನೂ ಐತಿ. ಎತ್ತರದ ಗುಡ್ಡ ಇದ್ರ ಮಾತ್ರ. ತೈವಾನ್‌ನ ಬೆಟ್ಟಸಾಲು ಸುಮಾರು 4,000 ಮೀಟರ್ ಎತ್ತರ, ಅದರ ಹತ್ರ ಬಂದ ಟೈಫೂನ್ ದಿಕ್ಕು ತಪ್ಪಿ ಸುತ್ತು ಹಾಕಿದ್ದೂ ಉಂಟು. ಲಕ್ಷದ್ವೀಪ ಹವಳದ ದಿಬ್ಬ, ಕಡಲಿಗಿಂತ ಕೆಲವೇ ಮೀಟರ್ ಮ್ಯಾಲ. ಚಂಡಮಾರುತಕ್ಕ ಅದು ಕಾಣಂಗಿಲ್ಲ.

ಅಳತಿಯದೂ ಒಂದು ಕತಿ. ಅಮೆರಿಕದವರು ವಿಮಾನ ಒಳಗ ನುಗ್ಗಿಸಿ ಅಳೀತಾರ. ನಮ್ಮ ಕಡಲಾಗ ಅಂಥಾ ನಿಯಮಿತ ಹಾರಾಟ ಇಲ್ಲ; ಉಪಗ್ರಹದ ಚಿತ್ರದಾಗ ಮೋಡದ ಆಕಾರ ನೋಡಿ, ಡ್ವೊರಾಕ್ ಪದ್ಧತಿ ಪ್ರಕಾರ ಬಲಕ್ಕ ಒಂದು ಟಿ ನಂಬರ್ ಕೊಡತಾರ. ಟಿ 2.5 ಅಂದ್ರ ಗಾಳಿ ಸುಮಾರು 35 ನಾಟ್ (ತಾಸಿಗೆ 65 ಕಿಮೀ), ಟಿ 4 ಅಂದ್ರ 65 ನಾಟ್ (120 ಕಿಮೀ). ದಂಡಿಯ ರಾಡಾರ್ ಕಿರಣ 250 ಕಿಮೀ ದೂರಕ್ಕ ಹೋಗೋದರಾಗ ಸುಮಾರು ಆರು ಕಿಮೀ ಎತ್ತರಕ್ಕ ಏರಿರತೈತಿ, ಕೆಳಗಿನ ಗಾಳಿ ಅದಕ್ಕ ಸಿಗಂಗಿಲ್ಲ. ರಾತ್ರಿ ಇನ್‌ಫ್ರಾರೆಡ್ ಚಿತ್ರದಾಗ ಮ್ಯಾಲಿನ ಮೋಡ ಕೇಂದ್ರವನ್ನ ಮುಚ್ಚಿಬಿಡತೈತಿ. ಬೆಳಗಾದ ಮ್ಯಾಲ ನೋಡಿದ್ರ ಕೇಂದ್ರ ರಾತ್ರಿ ಹೇಳಿದ ಜಾಗದಾಗ ಇರಂಗಿಲ್ಲ. ಚಂಡಮಾರುತ ಜಿಗಿದಿಲ್ಲ, ಕಂಡಿದ್ದ ತಡಾ.

ಇನ್ನೊಂದು ಜಗಳ: ಭಾರತದ ಹವಾಮಾನ ಇಲಾಖೆ ಮೂರು ನಿಮಿಷದ ಸರಾಸರಿ ಗಾಳಿ ಹೇಳತೈತಿ, ಅಮೆರಿಕದವರು ಒಂದು ನಿಮಿಷದ್ದು. ಹಿಂಗಾಗಿ ಅವರ ಅಂಕಿ ದೊಡ್ಡದು ಕಾಣತೈತಿ. ಇದಕ್ಕ ‘ಸರ್ಕಾರ ಮುಚ್ಚಿಡಾಕತ್ತೈತಿ’ ಅಂತ ಪೋಸ್ಟ್ ಹಾಕಬ್ಯಾಡ್ರಿ.

ನಮ್ಮ ಕಡೆಯವರಿಗೆ ಇದರಾಗ ಏನು ಬೇಕು? ಇಲ್ಲಿ ತನಕ ಗಾಳಿಯ ಬಲ ಬರಂಗಿಲ್ಲ, ಬರೋದು ತೇವ, ಇಲ್ಲಾ ಆ ತೇವ ಬರೋದು ತಡಾ ಆಗತೈತಿ. 2023ರ ಜೂನ್‌ನ್ಯಾಗ ಬಿಪರ್‌ಜಾಯ್ ಚಂಡಮಾರುತ ನೂರಾರು ಕಿಮೀ ದೂರ ಕಡಲಾಗ ಇತ್ತು, ಮುಂಗಾರು ಕೇರಳಕ್ಕ ಮುಟ್ಟಿದ್ದು 8ಕ್ಕ, ನಮ್ಮ ಒಳನಾಡಿಗೆ ಇನ್ನೂ ತಡಾ. ಗೆರಿ ನೋಡಿದವರು ಗುಜರಾತಿಗೆ ಹೋತು ಅಂತ ಸುಮ್ಮಕಾದ್ರು, ಬಿತ್ತಗಿ ಇಲ್ಲಿ ಕಾಯ್ಕೋತ ಕುಂತಿತ್ತು.

ಹವಾಮಾನ ಇಲಾಖೆಯ ಬುಲೆಟಿನ್ ತೆಗದ್ರ ಮೊದಲು ಹಿಂದಿನ ಆರು ತಾಸಿನ ಚಲನೆ ನೋಡ್ರಿ. ತಾಸಿಗೆ ಐದು ಕಿಮೀ ಇಲ್ಲಾ ಅದಕ್ಕೂ ಕಡಿಮಿ ಇದ್ರ ಒಯ್ಯೋ ಗಾಳಿನ ಸೋತೈತಿ ಅಂತ ತಿಳ್ಕೊರಿ. ಅಂಥಾದ್ದರ ಗೆರಿ ಯಾವಾಗ ಬೇಕಾದ್ರೂ ತಿರುಗತೈತಿ. ಒಂದರ ಹಿಂದ ಒಂದು ಮೂರು ಬುಲೆಟಿನ್ ಇಟ್ಟು ನೋಡ್ರಿ, ಗೆರಿ ಮೂರೂ ಸಲ ಒಂದೇ ಬದಿಗೆ ಸರಿದ್ರ ನಾಲ್ಕನೇದೂ ಅತ್ತಲಾಗೇ ಸರೀಬಹುದು. ಆಮ್ಯಾಲ ಬೆಂಗಳೂರು ಹವಾಮಾನ ಕೇಂದ್ರದ ಜಿಲ್ಲಾವಾರು ಮಳಿ ಎಚ್ಚರಿಕಿ. ಉಳ್ಳಾಗಡ್ಡಿ ಕೀಳೋದು, ಮೆಣಸಿನಕಾಯಿ ಹರವೋದು ಅದರ ಮ್ಯಾಲ.