ಬೌಲಿನ ಅಳತೆಗೆ ತಕ್ಕಂತೆ ಗೋಲ್ಡ್‌ಫಿಶ್ ಬೆಳೆಯುತ್ತದೆಯೇ? ಒಂದು ಸ್ಪಷ್ಟನೆ

“ಗೋಲ್ಡ್‌ಫಿಶ್ ತಾನಿರುವ ಬೌಲಿನ ಅಳತೆಗಷ್ಟೇ ಬೆಳೆಯುತ್ತದೆ, ಹಾಗಾಗಿ ಪುಟ್ಟ ಗಾಜಿನ ಬೌಲ್ ಸಾಕು” ಎನ್ನುವ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬೌಲಿನಲ್ಲಿ ಮೀನು ಗಿಡ್ಡವಾಗಿ ಉಳಿಯಬಹುದು. ಅದು ಹೊಂದಾಣಿಕೆಯಲ್ಲ, ಕೆಟ್ಟ ನೀರಿನಲ್ಲಿ ಕುಂಠಿತಗೊಂಡ ಬೆಳವಣಿಗೆ. ಗೋಲ್ಡ್‌ಫಿಶ್ ಕಾರ್ಪ್ ಬಳಗದ ಮೀನು. ಸಾಮಾನ್ಯ ತಳಿ 20 ಸೆಂ.ಮೀ. ದಾಟಿ ಬೆಳೆಯಬಲ್ಲದು, 10 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಬೌಲಿನಲ್ಲಿ ಕೆಲವೇ ತಿಂಗಳಿಗೆ ಸಾಯುವುದನ್ನು ನಾವು ಅದರ ಆಯಸ್ಸು ಎಂದುಕೊಂಡುಬಿಟ್ಟಿದ್ದೇವೆ, ಅದೇ ಬೇಸರ.

ಕೊಲ್ಲುವುದು ಹೆಚ್ಚಾಗಿ ಅಮೋನಿಯಾ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅದು ನೀರಿಗೆ ಸೇರುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ, ಮೀನು ಎರಡನ್ನೂ ಒಂದೇ ದಿನ ತರಬೇಡಿ. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಜಾಗ ಕಡಿಮೆಯಿದ್ದರೆ ಗೋಲ್ಡ್‌ಫಿಶ್ ಬಿಟ್ಟುಬಿಡಿ. 20 ಲೀಟರ್ ತೊಟ್ಟಿಗೆ ಒಂದೇ ಒಂದು ಬೆಟ್ಟಾ (ಫೈಟರ್ ಮೀನು) ಸಾಕು. ಅದು ಮೇಲೆ ಬಂದು ಗಾಳಿ ಕುಡಿಯುತ್ತದೆ ನಿಜ, ಆದರೆ ಅಮೋನಿಯಾ ಅದಕ್ಕೂ ವಿಷವೇ, ಫಿಲ್ಟರ್ ಅದಕ್ಕೂ ಬೇಕು. 40 ಲೀಟರಿನಷ್ಟಿದ್ದರೆ ನಾಲ್ಕೈದು ಗಂಡು ಗಪ್ಪಿ ಸಾಕಬಹುದು. ಹೆಣ್ಣೂ ಸೇರಿದರೆ ಮರಿಗಳಿಗೆ ಜಾಗ ಸಾಲದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಮೊದಲೇ ಆಂಟಿ-ಕ್ಲೋರಿನ್ ಹಾಕಿ.