ನಳ ಬಂದ ದಿನ ಮ್ಯಾಟಿನ ಗತಿ

ಹುಬ್ಬಳ್ಳಿಯಲ್ಲಿ ನಳ ಬಂತು ಅಂದರೆ ಮನೆಯ ಯಾವ ಸಾಮಾನೂ ಸುರಕ್ಷಿತವಲ್ಲ. ಮಲಪ್ರಭೆಯ ನೀರು ನಮ್ಮ ಓಣಿಗೆ ದಿನಾ ದರ್ಶನ ಕೊಡುವುದಿಲ್ಲ. ಹಾಗಾಗಿ ಬಂದ ದಿನ ಬ್ಯಾರಲ್, ಕೊಡ, ತಪೇಲಿ ಎಲ್ಲ ತುಂಬಿಸಿ, ಪರದೆ, ಚಾದರ, ಕೌದಿ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅವ್ವ ಒಗೆಯುತ್ತಾಳೆ. ಒಂದು ಸಲ ನನ್ನ ಯೋಗಾ ಮ್ಯಾಟೂ ಸಿಕ್ಕಿತು.

"ಎಷ್ಟ್ ಹೊಲಸಾಗಿತ್ತೋ ಯಪ್ಪಾ! ಬ್ರಷ್ ಹಚ್ಚಿ ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದು ಹೋದ್ವು," ಅಂದಳು.

ಹೊಲಸು ಇತ್ತು, ಸುಳ್ಳಲ್ಲ. ನಮ್ಮೂರ ಧೂಳು ಕಿಟಕಿ ಹಾಕಿದರೂ ಒಳಗೆ ಬರುತ್ತದೆ. ಬೆವರಿನ ಕೈ ಊರಿದ ಜಾಗದಲ್ಲಿ ಕಪ್ಪಗೆ ಕೂತುಬಿಡುತ್ತದೆ. ಆದರೆ ರಬ್ಬರ್ ಮ್ಯಾಟು ಹೊಸ ಅಳಿಯನಷ್ಟು ನಾಜೂಕು. ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ ಹಾಕಿ, ಮೆತ್ತಗಿನ ಬಟ್ಟೆ ಅದ್ದಿ ಒರೆಸಬೇಕು. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ. ನೆರಳಲ್ಲಿ ಒಣಗಿಸಬೇಕು. ಅಷ್ಟೇ. ಇದನ್ನೆಲ್ಲ ಹೇಳಿದರೆ ಅವ್ವ ನವಲಗುಂದದ ಜಮಖಾನೆ ತೋರಿಸಿದಳು. "ನಿಮ್ಮಜ್ಜನ ಕಾಲದ್ದೈತಿ ಇದು. ಕಲ್ಲಿಗೆ ಬಡದ್ರೂ ಏನೂ ಆಗಿಲ್ಲ. ನಿಂದ್ಯಾವ ಸೀಮಿ ಚಾಪಿ?"

ಮರುದಿನ ಬೆಳಗ್ಗೆ, ಅಂಗೈ-ಪಾದ ನೆಲಕ್ಕಿಟ್ಟು ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನಕ್ಕೆ ಕೈ ಊರಿದೆ. ಬೆರಳ ಸಂದಿಯಿಂದ ಬಿಳಿ ನೊರೆ ಪುಸಕ್ ಅಂತ ಎದ್ದಿತು. ಒತ್ತಿದಷ್ಟೂ ಬಂತು. ಮ್ಯಾಟಿನ ಸಣ್ಣ ಸಣ್ಣ ತೂತುಗಳು ಅವ್ವನ ಸಬಕಾರದ ಪುಡಿಯನ್ನು ಹೊಟ್ಟೆ ತುಂಬಾ ಕುಡಿದಿದ್ದವು. ಕೈ ಮುಂದಕ್ಕೆ, ಕಾಲು ಹಿಂದಕ್ಕೆ ಜಾರುತ್ತಾ ಹೋಗಿ, ಯಾವ ಗುರುವೂ ಕಲಿಸದ ಭಂಗಿಯಲ್ಲಿ ನನ್ನ ಗದ್ದ ನೆಲ ಮುಟ್ಟಿತು.

ಸಬಕಾರ ಬಿಡಿಸುವುದೇ ದೊಡ್ಡ ಕಸರತ್ತು. ಒದ್ದೆ ಬಟ್ಟೆಯಲ್ಲಿ ಒರೆಸು, ಹಿಂಡು, ಮತ್ತೆ ಒರೆಸು. ಕೊನೆಗೆ ಒಣ ಟವೆಲ್ ಹಾಸಿ, ಅದರ ಮೇಲೆ ಮ್ಯಾಟ್ ಹಾಕಿ, ಎರಡನ್ನೂ ಸುರುಳಿ ಸುತ್ತಿ, ಮೇಲೆ ಹತ್ತಿ ನಿಂತೆ. ಒಳಗಿನ ನೀರನ್ನೆಲ್ಲ ಟವೆಲ್ ಎಳೆದುಕೊಂಡಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಬ್ಯಾರಲ್ ಅರ್ಧಾ ಖಾಲಿ ಮಾಡಿದಿ ನೋಡು," ಅಂದಳು. ಗದ್ದದ ಬಗ್ಗೆ ಒಂದು ಮಾತಿಲ್ಲ.

ಮ್ಯಾಟನ್ನು ಪಡಸಾಲೆಯ ನೆರಳಿಗೆ ಹಾಕಿ ಆಫೀಸಿಗೆ ಹೋದೆ. ಸಂಜೆ ಬಂದರೆ ಅಲ್ಲಿಲ್ಲ. ಮಾಳಿಗೆ ಮೇಲೆ ಮೇ ತಿಂಗಳ ಬಿಸಿಲಲ್ಲಿ ಬಿದ್ದಿತ್ತು. ರಬ್ಬರ್ ಹೀಗೆ ಬಿಸಿಲು ಕಾಯುತ್ತಾ ಹೋದರೆ ಸೆಟೆದು ಬಿರಿಯುತ್ತದೆ. ಅದೂ ಹೋಗಲಿ, ಉದ್ದಕ್ಕೂ ಸಾಬೂದಾಣಿ ಸಂಡಿಗೆ ಹಾಕಿದ್ದಳು! "ಸುಮ್ನ ಬಿದ್ದಿತ್ತು. ಪ್ಲಾಸ್ಟಿಕ್ ಹಾಳಿ ಸಾಲಲಿಲ್ಲ."

ಸಂಡಿಗೆ ಸಲೀಸಾಗಿ ಎದ್ದವು. ಪ್ರತಿಯೊಂದರ ಅಡಿಗೂ ಮ್ಯಾಟಿನ ಅಲೆಅಲೆ ಗೆರೆ ಅಚ್ಚೊತ್ತಿತ್ತು. ನಾನು ಬಾಯಿ ಬಿಡುವ ಮೊದಲೇ ಕೆಳಗಿನ ಮನೆ ಕಾಕುಗೆ ಒಂದು ಡಬ್ಬಿ ಹೋಗಿಯೂ ಆಗಿತ್ತು.

ಕಾಕು ಕರಿದು ತಿಂದು ಮೇಲೆ ಬಂದರು. "ಡಿಜೈನ್ ಭಾಳ ಛಲೋ ಬಂದೈತ್ರೀ ವೈನೀ. ಆ ಅಚ್ಚು ಎಲ್ಲಿ ಸಿಗ್ತೈತ್ರೀ?"

ಅವ್ವ ನನ್ನ ಕಡೆ ಕೈ ಮಾಡಿದಳು. "ಇವನ್ನ ಕೇಳ್ರಿ. ಆನ್‌ಲೈನ್‌ನ್ಯಾಗ ತರಿಸ್ಯಾನ."